ರೆಫರಿಯ ಹೆಂಡತಿಯಿಂದ ಬಾನಾಡಿಯವರ ಸನ್ನಿಧಾನಕ್ಕೆ

ಬ್ಯಾಸ್ಕೆಟ್‌ಬಾಲ್ ಲೋಕದ ಭೂಷಣರೂ, ಅಭಿಮಾನಿಗಳ ಬಾಯಲ್ಲಿ 'ಬಾನಾಡಿ' ಎಂದೇ ಹೆಸರಾದವರೂ, ಶೂ, ತಂಪು ಪಾನೀಯ ಮತ್ತು ಬೆನ್ನುನೋವಿನ ಮುಲಾಮಿನ ಜಾಹೀರಾತುಗಳಲ್ಲಿ ದಿನವೂ ನಮಗೆ ದರ್ಶನ ಕೊಡುವವರೂ ಆದ ಮಾನ್ಯರೇ,

ತಮ್ಮ ಮೊಣಕಾಲು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಅಮೂಲ್ಯ ಸಮಯವನ್ನು ಕೊಂಚ ಬೇಡುತ್ತಿರುವ ನಾನು, ಕಳೆದ ಋತುವಿನ ಅಂತಿಮ ಪಂದ್ಯದ ಕೊನೆಯ ಗಳಿಗೆಯಲ್ಲಿ ತಾವು ಎದೆಯಿಂದ ಗುದ್ದಿ ನೆಲಕ್ಕೆ ಕೆಡವಿದ ರೆಫರಿಯ ಹೆಂಡತಿ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ರೆಫರಿಯ ಹೆಂಡತಿ ಕನ್ನಡಕ ಮಾರುವುದರಲ್ಲಿರುವ ತಮಾಷೆಯನ್ನು ನಮ್ಮ ಗಿರಾಕಿಗಳು ಈಗಾಗಲೇ ಸಾಕಷ್ಟು ಸಲ ವಿವರಿಸಿರುವುದರಿಂದ ತಾವು ಆ ಶ್ರಮ ತೆಗೆದುಕೊಳ್ಳಬೇಕಾಗಿಲ್ಲ. 'ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಇದೇ ನೋಡಿ' ಎಂಬ ಮಾತನ್ನು ಪ್ರತಿಯೊಬ್ಬರೂ ಅದೀಗ ತಾನೇ ಹೊಳೆಯಿತೆಂಬಂತೆ ಹೇಳುತ್ತಾರೆ. ನಾನೂ ಈಗ ತಾನೇ ಕೇಳಿದವಳಂತೆ ನಗುತ್ತೇನೆ.

ನಮ್ಮದು ತಮ್ಮ ವಿರೋಧಿಗಳ ಮನೆಯೆಂದು ದಯವಿಟ್ಟು ಭಾವಿಸಬಾರದು. ನನ್ನ ಅತ್ತೆಯವರು, ಅಂದರೆ ಆ ರೆಫರಿಯನ್ನು ಹೆತ್ತ ತಾಯಿ, ತಮ್ಮ ಪರಮ ಅಭಿಮಾನಿ. ತಂಡದ ಬಸ್ಸಿನಲ್ಲಿ ಕಾಲು ಚಾಚಲು ಜಾಗವಿಲ್ಲವೆಂಬ ಕಾರಣ ಕೊಟ್ಟು ತಾವು ನಡು ಋತುವಿನಲ್ಲಿ ಎದುರಾಳಿ ತಂಡಕ್ಕೆ ಹಾರಿದಾಗ ಊರಿಗೆ ಊರೇ ತಮ್ಮ ಜೆರ್ಸಿಗಳನ್ನು ಸುಟ್ಟಿತು. ಅತ್ತೆಯವರು ಮಾತ್ರ 'ಅಷ್ಟುದ್ದ ಕಾಲು ಇಟ್ಕೊಂಡು ಪಾಪ ಅವನೆಲ್ಲಿಗೆ ಹೋಗ್ಬೇಕು?' ಎಂದು ಮರುಗಿದರು. ಮೊಣಕಾಲು ನೋವೆಂದು ಪಂದ್ಯ ತಪ್ಪಿಸಿದ ವಾರದಲ್ಲೇ ಗೆಳೆಯನ ಮದುವೆಯಲ್ಲಿ ತಾವು ಮಂಡಿಯೂರಿ ಕುಣಿದ ವಿಡಿಯೋ ಹೊರಬಿದ್ದು, ಅದು ವೈದ್ಯರು ಹೇಳಿಕೊಟ್ಟ ವ್ಯಾಯಾಮವೆಂದು ತಮ್ಮ ಕಡೆಯಿಂದ ಹೇಳಿಕೆ ಬಂದಾಗ, ಅತ್ತೆಯವರು ಅದೇ ವ್ಯಾಯಾಮಕ್ಕೆ ಕೈಹಾಕಿ ಆಮೇಲೆ ಸೋಫಾ ಬಿಟ್ಟು ಏಳಲಾರದೆ ಹೋದರೂ ತಮ್ಮ ಮೇಲಿನ ನಂಬಿಕೆ ಅಲುಗಲಿಲ್ಲ. ತಮ್ಮನ್ನು ಬೆಳೆಸಿದ ಮುದಿ ಕೋಚ್ ಬಗ್ಗೆ ಯಾರೋ ಕೇಳಿದ್ದಕ್ಕೆ ತಾವು 'ಮೀನಿಗೆ ಈಜು ಕಲಿಸೋಕೆ ಯಾರು ಬೇಕು?' ಎಂದ ದಿನ ಮಾತ್ರ ಅವರು ಟೀವಿಯ ಧ್ವನಿ ತಗ್ಗಿಸಿದರು.

ಇನ್ನು ಆ ಅಂತಿಮ ಪಂದ್ಯ. ಚೆಂಡು ಗೆರೆಯಾಚೆ ಹೋಯಿತು. ಕೊನೆಗೆ ತಾಗಿದ್ದು ತಮ್ಮ ಬೆರಳೆಂದು ನನ್ನ ಯಜಮಾನರು ಸೀಟಿ ಊದಿ ಚೆಂಡನ್ನು ಎದುರಾಳಿಗಳಿಗೆ ಕೊಟ್ಟರು. ತಾಗಲೇ ಇಲ್ಲವೆಂದು ತಾವು ಎದೆಯಿಂದ ಉತ್ತರಿಸಿದಿರಿ. ತಮ್ಮ ವಿಶಾಲವಾದ ಬೆನ್ನು ಎಲ್ಲ ಕ್ಯಾಮೆರಾಗಳಿಗೂ ಅಡ್ಡವಿದ್ದುದರಿಂದ ಸತ್ಯವನ್ನು ಬಲ್ಲವರು ಲೋಕದಲ್ಲಿ ಇಬ್ಬರೇ ಉಳಿದರು, ಮತ್ತು ಅವರಲ್ಲಿ ಹೆಚ್ಚು ಅಭಿಮಾನಿಗಳಿದ್ದವರು ತಾವು. ತಮಗೆ ಕೆಲವು ಪಂದ್ಯಗಳ ನಿಷೇಧವಾಯಿತು. ನನ್ನ ಯಜಮಾನರಿಗೆ ಗದ್ದಲ ತಣ್ಣಗಾಗುವವರೆಗೆ 'ವಿಶ್ರಾಂತಿ'ಯಾಯಿತು. ನಿಷೇಧಕ್ಕೆ ಕೊನೆಯ ದಿನವೆಂಬುದಿರುತ್ತದೆ, ವಿಶ್ರಾಂತಿಗೆ ಇರುವುದಿಲ್ಲ ಎಂಬ ವ್ಯತ್ಯಾಸ ಆಗ ತಿಳಿಯಿತು.

ನಮ್ಮ ಕಟ್ಟಡದ ಲಿಫ್ಟಿನಲ್ಲಿ ಅವರು ಕಾಲಿಟ್ಟರೆ ಯಾರಾದರೊಬ್ಬರು ಸೀಟಿ ಊದುತ್ತಿದ್ದರು. ಅವರು ಮೆಟ್ಟಿಲು ಹಿಡಿದರು. ಮನೆಯೊಳಗೆ ಅತ್ತೆಯವರು ಮಗನ ಜೊತೆ ಮಾತು ಬಿಟ್ಟರು. 'ಅವನಿಗೆ ಹೇಳಮ್ಮ, ಊಟಕ್ಕೆ ಬಾ ಅಂತ' ಎಂದು, ಪಕ್ಕದಲ್ಲೇ ಕೂತಿದ್ದ ಅವರಿಗೆ ನನ್ನ ಮೂಲಕ ಸುದ್ದಿ ಮುಟ್ಟಿಸುತ್ತಿದ್ದರು. ಒಂದು ಮಧ್ಯಾಹ್ನ ಯಜಮಾನರು ನಮ್ಮ ಅಂಗಡಿಗೆ ಬಂದು, ಗಿರಾಕಿಗಳ ಹಾಗೆ ಸರದಿಯಲ್ಲಿ ಕಾದು, ಕುರ್ಚಿಯಲ್ಲಿ ಕೂತು ಕಣ್ಣು ಪರೀಕ್ಷೆ ಮಾಡು ಎಂದರು. ಫಲಕದ ಕಟ್ಟಕಡೆಯ ಸಾಲನ್ನು, ನಾನೇ ಕಣ್ಣು ಕಿರಿದಾಗಿಸಿ ಓದುವ ಸಾಲನ್ನು, ನೀರು ಕುಡಿದಷ್ಟು ಸಲೀಸಾಗಿ ಓದಿದರು. ಸಂತೋಷಪಡುತ್ತಾರೆಂದುಕೊಂಡೆ. 'ಹಾಗಾದ್ರೆ ಕಣ್ಣು ಸರಿಯಾಗೇ ಇದೆ. ನಾನೇ ಸರಿ ಇಲ್ಲ' ಎಂದು ಎದ್ದು ಹೋದರು. ಮಾನ್ಯರೇ, ಕಣ್ಣಿಗಾದರೆ ನಮ್ಮಲ್ಲಿ ಗಾಜಿದೆ. ಇದಕ್ಕೆ ಏನು ಕೊಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

ಹೀಗಿರುವಾಗ ತಮ್ಮ ಶೂ ಕಂಪನಿಯವರು, ತಾವು ಖುದ್ದಾಗಿ ನಮ್ಮ ಮನೆಗೆ ಬಂದು ಕ್ಯಾಮೆರಾಗಳ ಮುಂದೆ ಕ್ಷಮೆ ಕೇಳುವ ಏರ್ಪಾಡು ಮಾಡಿದರು. ತಾವು ದಯಮಾಡಿಸಿದಿರಿ, ನಮ್ಮ ಬಾಗಿಲು ತಮ್ಮ ಹಣೆಗೆ ಬಡಿಯಿತು, ಅದಕ್ಕಾಗಿ ಬಾಗಿಲಿನ ಪರವಾಗಿ ವಿಷಾದಿಸುತ್ತೇನೆ. ಒಳಗೆ ಬಂದವರೇ ತಾವು, ಅಡುಗೆಮನೆಯ ನಲ್ಲಿ ಸರಿಮಾಡಿ ಕೈ ಒರೆಸಿಕೊಳ್ಳುತ್ತಾ ಹೊರಬರುತ್ತಿದ್ದ ನಲ್ಲಿ ರಿಪೇರಿಯವನನ್ನು ಬಾಚಿ ತಬ್ಬಿಕೊಂಡು, ಕಣ್ಣಲ್ಲಿ ನೀರು ತಂದು, 'ಯಾರ ಮನಸ್ಸಿಗಾದ್ರೂ ನೋವಾಗಿದ್ರೆ ಕ್ಷಮಿಸಿ' ಎಂದಿರಿ. ಆತ ಒಳ್ಳೆಯ ಮನುಷ್ಯ. 'ಪರವಾಗಿಲ್ಲ ಬಿಡಣ್ಣಾ, ಆಟ ಅಂದ್ಮೇಲೆ ಇದೆಲ್ಲಾ ಇದ್ದದ್ದೇ' ಎಂದು ತಮ್ಮ ಬೆನ್ನು ತಟ್ಟಿದ. ಕ್ಯಾಮೆರಾದವರು ತೃಪ್ತರಾಗಿ ಗಂಟುಮೂಟೆ ಕಟ್ಟಿ ಕೆಳಗಿಳಿದರು. ತಾವು ನೆಲಕ್ಕೆ ಕೆಡವಿದ್ದ ಮುಖವನ್ನು ತಾವು ಒಮ್ಮೆಯೂ ನೋಡಿರಲಿಲ್ಲವೆಂಬುದು ನನಗೆ ಆಗಲೇ ಅರ್ಥವಾದದ್ದು. ಆ ಮುಖದ ಒಡೆಯರು ಒಳಗೆ ತಮಗಾಗಿ ಟೀ ಸೋಸುತ್ತಿದ್ದರು.

ಆಗ ಅತ್ತೆಯವರು ತಮ್ಮನ್ನು ಹತ್ತಿರ ಕರೆದು, ಕೈಹಿಡಿದು ಕೂರಿಸಿಕೊಂಡು ಕೇಳಿದರು: 'ನನ್ನಾಣೆ ಹೇಳಪ್ಪಾ, ಚೆಂಡು ತಾಗಿತ್ತೋ, ಇಲ್ವೋ?' ಕ್ಯಾಮೆರಾ ಇಲ್ಲದ್ದಕ್ಕೋ, ಹಣೆಯ ಪೆಟ್ಟಿಗೋ, ಅಥವಾ ಮುದುಕಿಯ ಕೈ ಬೆಚ್ಚಗಿದ್ದುದಕ್ಕೋ ತಾವು ಅವರ ಕಿವಿಗೆ ಬಾಗಿ ಏನೋ ಪಿಸುಗುಟ್ಟಿದಿರಿ. ತಾವು ಆಯ್ದುಕೊಂಡದ್ದು ಅವರ ಕೇಳದ ಕಿವಿ. 'ಏನಪ್ಪಾ? ಕೇಳಿಸ್ಲಿಲ್ಲ' ಎಂದರು. ತಾವು ಇನ್ನಷ್ಟು ಬಾಗಿದಿರಿ. 'ಬಾಯ್ಬಿಟ್ಟು ಹೇಳಪ್ಪಾ' ಎಂದರು. ಕೊನೆಗೆ ತಾವು ಕ್ರೀಡಾಂಗಣದ ಅಭ್ಯಾಸ ಬಲದಿಂದ 'ತಾಗಿತ್ತು ಅಜ್ಜೀ, ತಾಗಿತ್ತು!' ಎಂದು ಕೂಗಿದಾಗ ಅದು ನನಗೆ, ನಲ್ಲಿಯವನಿಗೆ, ಬಹುಶಃ ಮೇಲಿನ ಮಹಡಿಯವರಿಗೂ ಕೇಳಿಸಿತು. ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದವರಿಗೂ.

ಅತ್ತೆಯವರು ತಮ್ಮ ಕೈ ಬಿಟ್ಟರು. 'ಬಾರೋ, ಮೊದ್ಲು ನೀನು ಕೂತ್ಕೋ' ಎಂದು ಮಗನಿಗೆ ನೇರವಾಗಿ ಹೇಳಿದರು. ತಾವು ಕಪ್ಪಿಗೆ ಕೈ ಚಾಚಿದಾಗ 'ಅದು ಅವನದು' ಎಂದರು. ಯಜಮಾನರು ಮಾತ್ರ ಆ ಕಪ್ಪನ್ನು ತಮಗೇ ಕೊಟ್ಟು, ತಮ್ಮ ಹಣೆಗೆ ಐಸ್ ತರಲು ಒಳಗೆ ಹೋದರು. ಐಸ್ ಹುಡುಕಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಬಂದಾಗ ಅವರ ಕಣ್ಣು ಕೆಂಪಾಗಿತ್ತು.

ಇಷ್ಟಾದ ಮೇಲೆ ತಾವು ಮರುದಿನ ಟೀವಿಯಲ್ಲಿ 'ಆ ರೆಫರಿಯನ್ನು ನಾನು ಮನಸಾರೆ ಕ್ಷಮಿಸಿದ್ದೇನೆ' ಎಂದು ಘೋಷಿಸಿದ ಔದಾರ್ಯವನ್ನು ಯಾವ ಬಾಯಿಂದ ಹೊಗಳಲಿ! ಆ ಕ್ಷಮೆಯನ್ನು ಮನೆಯವರೆಲ್ಲ ಒಬ್ಬೊಬ್ಬರಾಗಿ ತೊಟ್ಟು ನೋಡಿದೆವು. ಯಾರ ಅಳತೆಗೂ ಹೊಂದದ ಕಾರಣ ಈ ಪತ್ರದ ಮೂಲಕ ಹಿಂದಿರುಗಿಸುತ್ತಿದ್ದೇನೆ. ಅದರ ಬದಲಿಗೆ, ತುಂಬಿದ ಕ್ರೀಡಾಂಗಣದ ನಟ್ಟನಡುವೆ ನಿಂತು, ನಮ್ಮ ಹಾಲ್‌ನಲ್ಲಿ ಕೂಗಿದಷ್ಟೇ ಗಟ್ಟಿಯಾಗಿ ಆ ಒಂದೇ ಪದವನ್ನು ಹೇಳಬೇಕೆಂದು ವಿನಂತಿ. ಗಂಟಲು ಕಟ್ಟಿದರೆ ಅತ್ತೆಯವರು ಗ್ಯಾಲರಿಯ ತುದಿಯಲ್ಲಿ ನಿಂತು 'ಕೇಳಿಸ್ಲಿಲ್ಲ' ಎನ್ನುತ್ತಾ ಸಹಕರಿಸಲು ಸಿದ್ಧರಿದ್ದಾರೆ. ಇದು ಅಸಾಧ್ಯವಾದರೆ ದಯವಿಟ್ಟು ತಮ್ಮ ಅಭಿಮಾನಿಗಳೆಲ್ಲರನ್ನೂ ಒಬ್ಬೊಬ್ಬರಾಗಿ ನಮ್ಮ ಮನೆಗೆ ಕಳಿಸಿಕೊಡಿ, ನಾವೇ ಹೇಳುತ್ತೇವೆ. ಟೀ ಕೊಡುವುದು ಕಷ್ಟವಾಗಬಹುದು.

ಇಷ್ಟೆಲ್ಲದರ ನಂತರವೂ,
ತಮ್ಮ ವಿಶ್ವಾಸಿ,
ಕೆಡವಿಸಿಕೊಂಡವರ ಮನೆಯಾಕೆ

ಮರೆತ ಮಾತು: ಯಜಮಾನರ ವಿಶ್ರಾಂತಿ ಮುಗಿದಿದೆ. ತಮ್ಮ ತಂಡದ ಮೊದಲ ಪಂದ್ಯಕ್ಕೇ ಅವರನ್ನು ನೇಮಿಸಿದ್ದಾರೆ. ಸೇಡು ತೀರಿಸಿಕೊಳ್ಳುತ್ತಾರೇನೋ ಎಂಬ ಸಣ್ಣ ಆಸೆಯಿಂದ ವಿಚಾರಿಸಿದೆ. 'ಚೆನ್ನಾಗಿ ಆಡಿದ್ರೆ ಆಡ್ಲಿ, ತಪ್ಪು ಮಾಡಿದ್ರೆ ಊದ್ತೀನಿ, ಅಷ್ಟೇ' ಎಂದರು. ಇಂಥ ನಿಷ್ಪಕ್ಷಪಾತಿಯೊಂದಿಗೆ ಏಗುವುದು ಎಷ್ಟು ಕಷ್ಟವೆಂದು ಇಷ್ಟು ವರ್ಷ ನನಗೊಬ್ಬಳಿಗೇ ಗೊತ್ತಿತ್ತು.