ಟಿಪ್ಸಿಗೆ ತೆರಿಗೆ ಹಾಕಿದ ನಮ್ಮ ಮಾವ

ಅಮೆರಿಕದ ಸರ್ಕಾರಕ್ಕೆ ಬುದ್ಧಿ ಹೇಳುವ ಯೋಗ್ಯತೆ ಇರುವವರು ನಮ್ಮ ಇಡೀ ಕಕ್ಕಬೆ ಊರಿನಲ್ಲಿ ಒಬ್ಬರೇ, ಅವರು ನನ್ನ ಸೋದರಮಾವ. ಇದು ನಾನು ಹೇಳಿದ್ದಲ್ಲ, ಅವರೇ ಹೇಳಿಕೊಂಡದ್ದು!

ಅಮೆರಿಕದಲ್ಲಿ ಹೋಟೆಲಿನವರಿಗೆ ಸಿಗುವ ಟಿಪ್ಸಿನ ಮೇಲೆ ತೆರಿಗೆ ಬೇಡವೆಂದು ಚರ್ಚೆ ನಡೆದಿದೆಯೆಂದು ಅವರ ಮೊಬೈಲಿಗೆ ಯಾರೋ ಕಳಿಸಿದ್ದರು. ಕಳಿಸಿದವರ ಕೈ ಸೇದಿಹೋಗಲಿ. ಮಾವನಿಗೆ ಅನ್ನ ನೀರು ಸೇರದಾಯಿತು. ದುಡಿದ ಮೇಲೆ ತೆರಿಗೆ ಕಟ್ಟಲೇಬೇಕು, ಭಕ್ಷೀಸೂ ದುಡಿಮೆಯೇ ಎಂದು ಅವರ ವಾದ. ನಿಮ್ಮ ಕಾಫಿ ಮಾರಿದ ದುಡ್ಡಿಗೆ ಎಷ್ಟು ತೆರಿಗೆ ಕಟ್ಟಿದಿರಿ ಮಾವ ಎಂದು ಕೇಳಿದೆ. "ಅದು ಕೃಷಿ ಕೂಸೆ, ಕೃಷಿ ಬೇರೆ" ಎಂದು ಎದ್ದು ಹೋದರು.

ಎದ್ದು ಹೋದವರು ಸುಮ್ಮನಿದ್ದರೇ? ಸಂತೆಯ ದಿನ ನಾಪೋಕ್ಲಿಗೆ ಬಂದು ಜನಾಭಿಪ್ರಾಯ ಸಂಗ್ರಹಕ್ಕೆ ನಿಂತರು. ನಾನು ಅಲ್ಲೇ ಶಾಲೆಯಲ್ಲಿ ಪಾಠ ಮಾಡುವವಳು, ಊರಿಗೆಲ್ಲ ಅವರ ಸೋದರಸೊಸೆಯೆಂದು ಗೊತ್ತು. ನನ್ನ ಗತಿ ಏನಾಗಬೇಡ ಹೇಳಿ! ಬಸ್ಸಿನ ಕಂಡಕ್ಟರು ಮೊದಲು ಟಿಕೆಟ್ ತಗೊಳ್ಳಿ ಎಂದನಂತೆ. ಕ್ಷೌರದಂಗಡಿಯವನು ನೀವು ಟಿಪ್ಸ್ ಕೊಟ್ಟ ದಿನ ಯೋಚನೆ ಮಾಡಿ ಹೇಳ್ತೇನೆ ಎಂದನಂತೆ. ಹೋಟೆಲಿನ ಸಪ್ಲೈಯರ್ ಮಾವನ ಕೈಯನ್ನೇ ನೋಡುತ್ತಿದ್ದ. ಯಾಕೆಂದರೆ ಆ ಕೈ ಬಿಲ್ಲಿನ ತಟ್ಟೆಯಲ್ಲಿದ್ದ ಚಿಲ್ಲರೆಯನ್ನು ಮಾತ್ರವಲ್ಲ, ಸೋಂಪನ್ನೂ ಬಾಚಿ ಜೇಬಿಗೆ ಇಳಿಸುತ್ತಿತ್ತು! ಒಟ್ಟಿನಲ್ಲಿ ಸಂತೆಗೆ ಸಂತೆಯೇ ತೆರಿಗೆ ಬೇಡವೆಂದಿತು. ಮಾವ ಮನೆಗೆ ಬಂದು, ಜನಾಭಿಪ್ರಾಯ ಎರಡು ಭಾಗವಾಗಿದೆ ಎಂದು ಘೋಷಿಸಿದರು. ಎರಡನೇ ಭಾಗದಲ್ಲಿ ಇದ್ದವರು ಅವರೊಬ್ಬರೇ.

ಇಷ್ಟಕ್ಕೇ ಮುಗಿದಿದ್ದರೆ ನಕ್ಕು ಬಿಡಬಹುದಿತ್ತು. ಮಾವನಿಗೊಂದು ಹೋಂಸ್ಟೇ ಇದೆ. ಅದನ್ನು ನಡೆಸುವವಳು ಅಡುಗೆಯ ಸರೋಜಕ್ಕ. ಅವಳ ಕಡುಬು, ಕೋಳಿಸಾರು ತಿನ್ನಲಿಕ್ಕೆಂದೇ ಜನ ಮತ್ತೆ ಮತ್ತೆ ಬರುತ್ತಾರೆ. ಮಾವನ ಮುಖ ನೋಡಲು ಯಾರು ಬರುತ್ತಾರೆ? ಹೊರಡುವಾಗ ಖುಷಿಯಿಂದ ಅವಳ ಕೈಗೆ ಏನಾದರೂ ಕೊಡುತ್ತಾರೆ. ಮಗಳ ಹಾಸ್ಟೆಲಿನ ಖರ್ಚು ಅವಳಿಗೆ ಅದರಲ್ಲೇ ಸಾಗಬೇಕು. ಮಾವ ಅಡುಗೆಮನೆಯಲ್ಲಿ ಒಂದು ಬಿಸ್ಕೆಟ್ ಡಬ್ಬ ಇಟ್ಟು, ಇನ್ನು ಮೇಲೆ ಟಿಪ್ಸಿನಲ್ಲಿ ಮೂರರಲ್ಲೊಂದು ಪಾಲು ಇದಕ್ಕೆ ಹಾಕಬೇಕು, ಇದು ಮನೆಯ ತೆರಿಗೆ ಎಂದುಬಿಟ್ಟರು!

ಮಾಡುವುದೆಲ್ಲ ಜಿಪುಣತನ, ಹೆಸರು ಮಾತ್ರ ಅರ್ಥಶಾಸ್ತ್ರ. ಅತ್ತೆ ತೀರಿಕೊಂಡಂದಿನಿಂದ ಈ ಮಹಾನುಭಾವರು ತಮ್ಮ ಕಾಫಿ ತಾವೇ ಕಾಸಿಕೊಳ್ಳುತ್ತಾರೆ, ಗೊತ್ತೇ? ಸರೋಜಕ್ಕ ಮಾಡಿದರೆ ಪುಡಿ ಜಾಸ್ತಿ ಬೀಳುತ್ತದಂತೆ. ಕಣ್ಣು ಹಾಯಿಸಿದಷ್ಟೂ ಕಾಫಿ ತೋಟ ಇರುವವರ ಮಾತು ಇದು!

ಸರೋಜಕ್ಕ ಒಂದಷ್ಟು ದಿನ ಹಲ್ಲು ಕಚ್ಚಿಕೊಂಡು ಡಬ್ಬಕ್ಕೆ ಹಾಕಿದಳು. ಆಮೇಲೆ ನೆಲ್ಯಹುದಿಕೇರಿಯ ಇನ್ನೊಂದು ಹೋಂಸ್ಟೇಯಲ್ಲಿ ಕೆಲಸ ಗೊತ್ತುಮಾಡಿಕೊಂಡು, ಭಾನುವಾರ ಹೊರಡುತ್ತೇನೆ ಎಂದಳು. ಅವಳು ಹೋದರೆ ಹೋಂಸ್ಟೇಗೆ ಬೀಗವೇ. ಒಂದು ಮಾತು ಹೇಳಿ ಉಳಿಸಿಕೊಳ್ಳಿ ಎಂದು ಮಾವನಿಗೆ ಗೋಗರೆದೆ. ತೆರಿಗೆ ತಪ್ಪಿಸಿಕೊಳ್ಳುವವರು ಎಲ್ಲ ದೇಶದಲ್ಲೂ ಇರ್ತಾರೆ ಎಂದರು. ಎಂಥಾ ಮನುಷ್ಯ!

ಆ ಭಾನುವಾರ ಬೆಳಿಗ್ಗೆ ಶಾಲೆಗೆ ರಜೆ, ನಾನೂ ಹೋಂಸ್ಟೇಯಲ್ಲೇ ಇದ್ದೆ. ಅತಿಥಿಗಳೂ ಹೊರಟಿದ್ದರು. ಅವರಲ್ಲೊಬ್ಬರು ಅಜ್ಜಿ, ಮಂಡಿ ನೋವಿನವರು. ಮಳೆ ಬಂದು ಮೆಟ್ಟಿಲು ಜಾರುತ್ತಿತ್ತು, ಜೀಪು ಕೆಳಗೆ ನಿಂತಿತ್ತು. ಮಾವ ಆಗತಾನೇ ತೋಟದಿಂದ ಬಂದಿದ್ದರು. ಹರಕು ಬನಿಯನ್ನು, ಖಾಕಿ ಚಡ್ಡಿ, ಕೆಸರಿನ ಗಂಬೂಟು. ಅಜ್ಜಿ ಅವರ ಕೈ ಹಿಡಿದುಕೊಂಡು ನಿಧಾನಕ್ಕೆ ಇಳಿದರು. ಜೀಪು ಹತ್ತಿ ಕೂತ ಮೇಲೆ ಸೊಂಟದ ಚೀಲದಿಂದ ಒಂದು ನೋಟು ತೆಗೆದು ಮಾವನ ಅಂಗೈಯಲ್ಲಿಟ್ಟು, ಬೆರಳು ಮಡಿಚಿದರು.

"ಒಳ್ಳೇದಾಗ್ಲಿ ಕಣಪ್ಪ. ಕಾಫಿ ಕುಡಿ."

ಕಾಫಿ ತೋಟದ ಸಾಹುಕಾರರಿಗೆ! ನಗು ತಡೆಯಲಾರದೆ ನಾನು ಸೆರಗು ಬಾಯಿಗಿಟ್ಟುಕೊಂಡೆ. ಮಾವ ಮಾತ್ರ ನಾನೇ ಯಜಮಾನ ಎನ್ನಲಿಲ್ಲ. ಜೀಪು ತಿರುವು ದಾಟುವ ತನಕ ನೋಟು ಹಿಡಿದು ನಿಂತೇ ಇದ್ದರು.

ಮೇಲೆ ಜಗಲಿಯಲ್ಲಿ ಸರೋಜಕ್ಕ ತನ್ನ ಬ್ಯಾಗಿನ ಪಕ್ಕ ನಿಂತು ಎಲ್ಲ ನೋಡಿದ್ದಳು. ಬಿಡುತ್ತಾಳೆಯೇ? ಒಳಗಿಂದ ಬಿಸ್ಕೆಟ್ ಡಬ್ಬ ತಂದು ಮುಚ್ಚಳ ತೆಗೆದು ಹಿಡಿದಳು.

"ಹಾಕಿ ಸಾಹುಕಾರ್ರೆ, ನಿಮ್ಮ ಪಾಲಿನ ತೆರಿಗೆ."

ಮಾವ ಡಬ್ಬ ನೋಡಿದರು, ಮುಷ್ಟಿ ನೋಡಿಕೊಂಡರು. ಮುಷ್ಟಿ ಬಿಚ್ಚಲಿಲ್ಲ. ಡಬ್ಬವನ್ನು ಮುಚ್ಚಿ ಹಾಗೆಯೇ ಅವಳ ಕಡೆಗೆ ತಳ್ಳಿದರು.

"ಎಲ್ಲ ನೀನೇ ತಗೊ ಸರೋಜ. ಪ್ರೀತಿಯಿಂದ ಕೊಟ್ಟದ್ದರಲ್ಲಿ ನಾನು ಪಾಲು ಕೇಳಬಾರದಿತ್ತು."

ಸರೋಜಕ್ಕ ಬ್ಯಾಗು ಎತ್ತಿಕೊಂಡು ಒಳಗೆ ಹೋದಳು. ಮಾವ ಜಗಲಿಯ ಮೇಲೆ ಕೂತು ಗಂಬೂಟು ಬಿಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದರು:

"ನಿನ್ನ ಅತ್ತೆ ಹೋದ ಮೇಲೆ ನನಗೆ ಕಾಫಿ ಕುಡಿ ಅಂತ ಹೇಳಿದವರು ಯಾರೂ ಇಲ್ಲ ಕೂಸೆ. ಇವತ್ತು ಆ ಅಜ್ಜಿ ಹೇಳಿದ್ರು."

ಇಷ್ಟು ದಿನ ಅವರನ್ನು ಆಡಿಕೊಂಡ ನಾನು ಆ ಕೆಸರಿನ ಗಂಬೂಟನ್ನು ಎತ್ತಿ ಬದಿಗಿಟ್ಟೆ. ಅಷ್ಟರಲ್ಲಿ ಸರೋಜಕ್ಕ ಹೊರಗೆ ಬಂದು, ಪುಡಿ ಧಾರಾಳವಾಗಿ ಬಿದ್ದ ಕಾಫಿಯ ಲೋಟವನ್ನು ಅವರ ಮುಂದಿಟ್ಟಳು.

"ಕುಡೀರಿ, ಆರಿ ಹೋಗ್ತದೆ" ಎಂದಳು.