ಹಿರಿಯ ಪ್ರೊಸೆಸರ್, ಕಿರಿಯ ಪ್ರೊಸೆಸರ್

ಹವಾಮಾನ ಕಚೇರಿಯ ಮುನ್ಸೂಚನೆಯು ಮಳೆ ಬಂದು ಹೋದ ಮೇಲೆಯೇ ಹೊರಬೀಳತಕ್ಕದ್ದು ಎಂಬುದು ಸರ್ವವಿದಿತ. ಹಳೆಯ ಕಂಪ್ಯೂಟರಿಗೆ ನಾಳೆಯ ಲೆಕ್ಕ ಮುಗಿಸಲು ನಾಳಿದ್ದಿನವರೆಗೆ ಸಮಯ ಬೇಕು, ಪಾಪ.

ಇದರ ಚಿಂತೆ ಹತ್ತಿದ್ದು ಮುನ್ಸೂಚನೆ ಬರೆಯುವ ಅಧಿಕಾರಿಣಿಗೆ ಮಾತ್ರ. ಅವಳ ತಮ್ಮನದು ಇಟ್ಟಿಗೆ ಗೂಡು. ಹಸಿ ಇಟ್ಟಿಗೆ ಬಯಲಲ್ಲಿ ಹರವಿ ದಿನಾ ಫೋನು ಮಾಡುತ್ತಿದ್ದ: “ಅಕ್ಕಾ, ನಾಳೆ ಮಳೆ ಬರುತ್ತಾ? ಇನ್ನೊಂದ್ಸಲ ನೆಂದ್ರೆ ಗೂಡು ಮುಚ್ಚೋದೇ ಸೈ!”

ಅವಳು ಪಟ್ಟು ಹಿಡಿದು ಎರಡು ಪ್ರೊಸೆಸರಿನ ಕಂಪ್ಯೂಟರ್ ಮಂಜೂರು ಮಾಡಿಸಿದಳು. ಒಂದೇ ಮದರ್‌ಬೋರ್ಡಿನ ಮೇಲೆ ಎರಡೂ ಕೂತು ಲೆಕ್ಕ ಹಂಚಿಕೊಂಡರೆ ನಾಳೆಯ ಮಳೆ ಇವತ್ತೇ ಗೊತ್ತಾಗುತ್ತದೆ. ಪ್ರೊಸೆಸರ್ ಆರಿಸಲು ಆಯ್ಕೆ ಸಮಿತಿ ಸೇರಿತು.

“ಎರಡೂ ಒಂದೇ ದರ್ಜೆಯವಾ?” ಎಂದರು ನಿರ್ದೇಶಕರು.

“ಹೌದು ಸಾರ್. ಒಂದೇ ಥರದವು ಇರಬೇಕು, ಬೋರ್ಡಿಗೂ ಹೊಂದಬೇಕು,” ಎಂದಳು ಅಧಿಕಾರಿಣಿ.

“ಹಾಗಾದ್ರೆ ಯಾರ ಕೈಕೆಳಗೆ ಯಾರು?”

“ಎರಡೂ ಒಟ್ಟಿಗೆ ಕೆಲಸ ಮಾಡ್ತವೆ ಸಾರ್.”

ಈ ಕಚೇರಿಯಲ್ಲಿ ಇಬ್ಬರು ಒಟ್ಟಿಗೆ ಕೆಲಸ ಮಾಡಿದ ಪೂರ್ವನಿದರ್ಶನವಿಲ್ಲವೆಂದು ವ್ಯವಸ್ಥಾಪಕರು ದೃಢಪಡಿಸಿದರು. ಕೂಡಲೇ ಸುತ್ತೋಲೆ ಹೊರಟಿತು: “ಕಿರಿಯ ಪ್ರೊಸೆಸರ್ ಲೆಕ್ಕ ಮಾಡತಕ್ಕದ್ದು. ಹಿರಿಯ ಪ್ರೊಸೆಸರ್ ಅದನ್ನು ಅನುಮೋದಿಸತಕ್ಕದ್ದು. ಅನುಮಾನ ಬಂದಲ್ಲಿ ಮೊದಲಿನಿಂದ ಮಾಡಿಸತಕ್ಕದ್ದು.”

ಹಿರಿಯದೊಂದು, ಕಿರಿಯದೊಂದು ಕೊಡಬೇಕೆಂದು ಆದೇಶ ಹೋದಾಗ, ಬೇರೆ ಬೇರೆ ದರ್ಜೆಯವು ಒಂದೇ ಮದರ್‌ಬೋರ್ಡಿನಲ್ಲಿ ಕೂರುವುದಿಲ್ಲ ಎಂದು ಕಂಪ್ಯೂಟರ್ ಅಂಗಡಿಯವನು ಬಡಕೊಂಡ.

“ಸಹಜ,” ಎಂದರು ನಿರ್ದೇಶಕರು. “ನಾನೂ ಕೂರಲ್ಲ.”

ಎರಡು ಮದರ್‌ಬೋರ್ಡು ಬಂದವು. ದುಬಾರಿಯದು ಹಿರಿಯ ಪ್ರೊಸೆಸರಿಗೆ, ನಿರ್ದೇಶಕರ ತಣ್ಣನೆಯ ಕೋಣೆಯಲ್ಲಿ. ಅದಕ್ಕೆ ಮಾಡಲು ಕೆಲಸವಿಲ್ಲದ್ದರಿಂದ ಬಿಸಿಯೂ ಆಗುತ್ತಿರಲಿಲ್ಲ, ಒಳ್ಳೆಯ ಯಂತ್ರವೆಂದು ಎಲ್ಲರೂ ಹೊಗಳಿದರು. ಉಳಿದ ದುಡ್ಡಿಗೆ ಸಿಕ್ಕಿದ ಅಗ್ಗದ ಬೋರ್ಡಿನಲ್ಲಿ ಕಿರಿಯ ಪ್ರೊಸೆಸರ್ ಮೆಟ್ಟಿಲ ಕೆಳಗೆ ಬೇಯುತ್ತಿತ್ತು. ಲೆಕ್ಕವನ್ನು ಜವಾನ ಮೇಲಕ್ಕೂ ಕೆಳಕ್ಕೂ ಹೊರುತ್ತಿದ್ದ.

ನಾಳೆಯ ಮುನ್ಸೂಚನೆ ಈಗ ಮುಂದಿನ ವಾರ ಬರತೊಡಗಿತು. ಅಷ್ಟರೊಳಗೆ ಮಳೆ ಬಂದದ್ದೂ ಬಾರದ್ದೂ ಊರಿಗೇ ಗೊತ್ತಿರುತ್ತಿದ್ದುದರಿಂದ, ಅನುಮೋದಿಸುವಾಗ ತಪ್ಪುಗಳೆಲ್ಲ ಸರಿಹೋಗುತ್ತಿದ್ದವು. ಒಂದು ಮುನ್ಸೂಚನೆಯೂ ಸುಳ್ಳಾಗಲಿಲ್ಲ. ಕಚೇರಿಗೆ ಪ್ರಶಸ್ತಿ ಬಂತು. ಅಧಿಕಾರಿಣಿಗೆ ಬಡ್ತಿ ಬಂತು, ಬೇಡವೆನ್ನಲು ಅವಳಿಗೂ ಬಾಯಿ ಬರಲಿಲ್ಲ.

ತಮ್ಮನ ಫೋನು ಬಂತು. “ಇಟ್ಟಿಗೆಯೆಲ್ಲ ಕೆಸರಾಯ್ತು ಅಕ್ಕಾ. ಗೂಡು ಮುಚ್ಚಿಬಿಟ್ಟೆ.”

ಅವಳು ಫೋನಿನಲ್ಲೇ ಅತ್ತುಬಿಟ್ಟಳು.

“ಅಳಬೇಡ ಬಿಡು,” ಎಂದ ತಮ್ಮ, “ಅವತ್ತಿನ ಮಳೆ ಬಗ್ಗೆ ನಿಮ್ಮೋರು ಬರೆದದ್ದು ಇವತ್ತು ಓದಿದೆ, ಒಂದು ಹನಿ ಆಚೀಚೆ ಇಲ್ಲ, ಭೇಷ್! ಅಲ್ಲಾ, ನೀನು ಹೇಳ್ತಿದ್ದ ಆ ಹಿರಿಯ ಪ್ರೊಸೆಸರ್ ಕೆಲಸ ಇನ್ನೊಂದು ಖಾಲಿ ಇದ್ಯಾ? ಸುಮ್ನೆ ಕೂರೋಕೆ ಈಗ ನಂಗೂ ಬರುತ್ತೆ.”

ಅಕ್ಕ ಕಣ್ಣೊರೆಸಿಕೊಂಡು ಹೇಳಿದಳು: “ಅರ್ಜಿ ಹಾಕು ಕಣೋ. ಮೊದಲು ಕಿರಿಯರು ನೋಡಲಿ, ಆಮೇಲೆ ನಾನು ಅನುಮೋದಿಸ್ತೀನಿ.”