ಊರಿಗೆಲ್ಲ ಒಂದೇ ಎಫ್‌ಸಿ ಸೆಟ್ಟು

ಕಾಗದದ ಮೇಲೆ ಒಂದು ಸೀಲು ಬಿದ್ದಿದ್ದರೆ ಸಾಕು, ಕಣ್ಣುಮುಚ್ಚಿ ನಂಬಿಬಿಡುವ ಪೈಕಿ ನಾನು. ಇದು ಹೊಟ್ಟೆಪಾಡಿನಿಂದ ಅಂಟಿಕೊಂಡ ಚಟ. ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಹೊರಗಿನಿಂದ ಬಂದ ಮಾಲನ್ನು ಪರೀಕ್ಷಿಸಿ ಒಳಗೆ ಬಿಡುವುದು ನನ್ನ ಕೆಲಸ. ಪರೀಕ್ಷೆ ಎಂದರೆ ಮಾಲು ಬಿಚ್ಚಿ ನೋಡುತ್ತೇನೆಂದು ತಿಳಿಯಬೇಡಿ. ಜೊತೆಗೆ ಬಂದ ಕಾಗದ ನೋಡುತ್ತೇನೆ. ಕಾಗದ ಸರಿಯಿದ್ದರೆ ಮಾಲೂ ಸರಿ. ಹೀಗೇ ಮಾಡಿ ನನಗೆ ಬಡ್ತಿಯೂ ಸಿಕ್ಕಿದೆ. ಹೆಂಡತಿ ಗಿರಿಜಾಳ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಡಾಕ್ಟರು ರಿಪೋರ್ಟು ಮುಂದಿಟ್ಟಾಗ ನಾನು ಅವಳ ಮುಖ ನೋಡಲಿಲ್ಲ. ಮೊದಲು ಆ ಕಾಗದದ ಮೇಲಿದ್ದ ಹೆಸರು, ವಯಸ್ಸು ನೋಡಿದೆ. ಬೇರೆ ಯಾರದೋ ಬಂದಿರಬಹುದೆಂಬ ಆಸೆ. ಹೆಸರು ಅವಳದೇ ಆಗಿತ್ತು, ವಯಸ್ಸೂ ಸರಿಯಾಗಿತ್ತು.

ಅಲ್ಲಿಂದ ವಾರಕ್ಕೆ ಮೂರು ಸಲ ಯಲಹಂಕದ ಆಸ್ಪತ್ರೆ. ದೊಡ್ಡಬಳ್ಳಾಪುರದಿಂದ ಹೋಗುವಾಗ ಬಸ್ಸು ಹೇಗೋ ಆಗುತ್ತಿತ್ತು. ನಾಲ್ಕು ಗಂಟೆ ಡಯಾಲಿಸಿಸ್ ಮೆಷಿನ್ನಿಗೆ ಮೈಕೊಟ್ಟು ಎದ್ದವಳಿಗೆ ವಾಪಸು ಬರುವಾಗ ನಿಲ್ಲಲು ಆಗುತ್ತಿರಲಿಲ್ಲ. ಒಂದು ದಿನ ಬಸ್ಸಿನಲ್ಲೇ ಬಿ.ಪಿ. ಇಳಿದು ಕುಸಿದಳು. ಯಾರೋ ಸೀಟು ಬಿಟ್ಟರು, ಇನ್ಯಾರೋ ನೀರಿನ ಬಾಟಲು ಚಾಚಿದರು. ಇವಳಿಗೆ ನೀರೂ ಅಳೆದು ಕೊಡಬೇಕೆಂದು ಆ ಗದ್ದಲದಲ್ಲಿ ಹೇಗೆ ಹೇಳುವುದು? ಅವತ್ತೇ ನಿಶ್ಚಯಿಸಿದೆ, ಹಳೆಯದಾದರೂ ಸರಿ, ಮನೆಗೊಂದು ಗಾಡಿ ಬೇಕು.

ಹಳೇ ಗಾಡಿಗಳ ಲೋಕದಲ್ಲಿ ಎಲ್ಲ ಗಾಡಿಗಳನ್ನೂ ಡಾಕ್ಟರುಗಳೇ ಓಡಿಸಿರುತ್ತಾರೆಂಬುದು ನನಗೆ ನೆಲಮಂಗಲದಲ್ಲಿ ಗೊತ್ತಾಯಿತು. "ಡಾಕ್ಟ್ರು ಗಾಡಿ ಸಾರ್, ಸಿಂಗಲ್ ಹ್ಯಾಂಡು" ಎಂದ ದಲ್ಲಾಳಿ. ಗಾಡಿ ಓಡಲು ಯೋಗ್ಯವೆಂದು ಆರ್‌ಟಿಓ ಕೊಡುವ ಎಫ್‌ಸಿ ಕೇಳಿದರೆ ಆಕಾಶ ನೋಡಿದ. ಗಿರಿಜಾ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ, "ಡಾಕ್ಟ್ರು ಸಹವಾಸ ಸಾಕಾಗಿದೆ ರೀ, ಬೇರೆ ಯಾರದಾದ್ರೂ ನೋಡಿ" ಎಂದಳು.

ಹಾಗೆ ಸಿಕ್ಕಿದ್ದು ಸಾಸಲು ಕಡೆಯ ಒಂದು ಹಳ್ಳಿಯ ಮುನಿರಾಜಪ್ಪನ ವ್ಯಾನು. ಊರಿನ ಹೆಸರು ಹೇಳುವುದಿಲ್ಲ, ಯಾಕೆಂದು ನಿಮಗೇ ತಿಳಿಯುತ್ತದೆ. ಗಾಡಿಗೆ ಇಪ್ಪತ್ತು ವರ್ಷ ದಾಟಿತ್ತು. ಹದಿನೈದು ತುಂಬಿದಾಗ ಒಂದು ಸಲ, ಮೊನ್ನೆ ಮೊನ್ನೆ ಇನ್ನೊಂದು ಸಲ ಎಫ್‌ಸಿ ಆಗಿತ್ತು, ಎರಡೂ ಸಲ ಹೋದ ದಿನವೇ ಪಾಸು. ಹೊಗೆ ಸರ್ಟಿಫಿಕೇಟು, ಇನ್ಶೂರೆನ್ಸು ಎಲ್ಲ ಚಾಲ್ತಿಯಲ್ಲಿದ್ದವು. ಮೊಬೈಲಿನ ಸರ್ಕಾರಿ ಆ್ಯಪಿನಲ್ಲಿ ನಂಬರು ಹಾಕಿ ತಾಳೆ ನೋಡಿದೆ. ಒಂದು ಅಕ್ಷರ ಹೆಚ್ಚುಕಮ್ಮಿಯಿಲ್ಲ. ಇಷ್ಟು ಚೊಕ್ಕ ಚರಿತ್ರೆ ನಮ್ಮ ಮನೆತನದಲ್ಲೇ ಯಾರಿಗೂ ಇರಲಿಲ್ಲ. ಗಿರಿಜಾ ಹಿಂದಿನ ಸೀಟಿನಲ್ಲಿ ಕೂತು ನೋಡಿದಳು. "ಕಾಲು ನೀಡ್ಕೋಬಹುದು ರೀ" ಎಂದವಳು ಐದು ನಿಮಿಷದಲ್ಲಿ ನಿದ್ದೆಹೋದಳು. ಅವಳು ಹಾಗೆ ಮಲಗಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ನಾನು ಇನ್ನೇನೂ ನೋಡದೆ ವ್ಯಾಪಾರ ಮುಗಿಸಿದೆ.

ಗಾಡಿಗೆ ಕುಂಕುಮ ಇಟ್ಟು, ಚಕ್ರದಡಿ ನಿಂಬೆಹಣ್ಣು ಇಡಲು ಬಗ್ಗಿದ್ದೇನೆ, ಬೀದಿಯ ಆಚೆಯಿಂದ ಜಾಕು ಹಿಡಿದುಕೊಂಡು ಒಬ್ಬ ಹೆಂಗಸು ಬಂದರು. ಅದೇ ಊರಿನಲ್ಲಿ ಹೂವು ಸಾಗಿಸುವ ವ್ಯಾನಿನ ಒಡತಿ ಲಕ್ಷ್ಮಮ್ಮ.

"ಒಸಿ ತಡೀರಿ ಸಾ, ಟೈರು ಬಿಚ್ಕೊಂಬಿಡ್ತೀವಿ."

"ಯಾವ ಟೈರಮ್ಮ?"

"ನಾಕೂವೇ. ಬ್ಯಾಟ್ರಿ, ಹಾರನ್ನು, ಮುಂದಗಡೆ ಲೈಟೂ ಐತೆ. ಎಫ್‌ಸಿ ಸೆಟ್ಟು ಸಾ, ಊರಿನ್ದು."

ನಾನು ಮುನಿರಾಜಪ್ಪನ ಕಡೆ ನೋಡಿದೆ. ಆತ ವಂಚನೆ ಬಯಲಾದವನಂತೆ ತಲೆತಗ್ಗಿಸಬಹುದೆಂದುಕೊಂಡಿದ್ದೆ. ಆತನಿಗೆ ನನ್ನ ಅಜ್ಞಾನವೇ ವಿಚಿತ್ರವಾಗಿ ಕಂಡಿತು. "ಹೇಳ್ಲಿಲ್ವಾ ನಾನು? ಎಲ್ರಿಗೂ ಗೊತ್ತಿರೋದೇ ಅಲ್ವಾ ಸ್ವಾಮಿ" ಎಂದ. ವಿಷಯ ಇಷ್ಟು. ಆ ಊರಿನಲ್ಲಿ ಒಂದೇ ಥರದ ಹಳೇ ವ್ಯಾನುಗಳು ನಾಲ್ಕೈದಿವೆ, ಹೂವಿಗೆ, ಹಾಲಿಗೆ, ಶಾಲೆ ಮಕ್ಕಳಿಗೆ. ಎಲ್ಲರೂ ಸೇರಿ ಒಂದೇ ಒಂದು ಒಳ್ಳೆಯ ಸೆಟ್ಟು ಕೊಂಡಿಟ್ಟಿದ್ದಾರೆ. ಯಾರ ಎಫ್‌ಸಿ ಬಂದರೆ ಅವರ ಗಾಡಿ ಅದನ್ನು ತೊಟ್ಟುಕೊಂಡು ಹೋಗಿ ಪಾಸಾಗಿ ಬರುತ್ತದೆ, ಹೆಣ್ಣು ತೋರಿಸುವ ದಿನ ಪಕ್ಕದ ಮನೆಯ ಸರ ಹಾಕಿಕೊಂಡ ಹಾಗೆ. ಇನ್ಸ್‌ಪೆಕ್ಟರು ನೋಡಿದ್ದೂ ಸುಳ್ಳಲ್ಲ, ಹಾಕಿದ ಸೀಲೂ ಸುಳ್ಳಲ್ಲ. ನಾನು ಓದಿದ್ದು ವ್ಯಾನಿನ ಚರಿತ್ರೆ ಎಂದುಕೊಂಡಿದ್ದೆ, ಅದು ಆ ನಾಲ್ಕು ಟೈರುಗಳ ಚರಿತ್ರೆ.

ವ್ಯಾನಿನ ಸ್ವಂತ ಟೈರುಗಳನ್ನು ಹಟ್ಟಿಯ ಹಿಂದಿನಿಂದ ಉರುಳಿಸಿ ತಂದರು. ನನ್ನ ತಲೆಯಷ್ಟೇ ನುಣ್ಣಗಿದ್ದವು. ಹೊಸದು ಕೊಂಡುಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಔಷಧಿ ಅಂಗಡಿಯವರು ನಮ್ಮ ಸಂಬಳದಲ್ಲಿ ಪಾಲುದಾರರಾಗದೇ ಇದ್ದಿದ್ದರೆ ಖಂಡಿತ ಕೊಳ್ಳುತ್ತಿದ್ದೆ. ಬೆಳಗಾದರೆ ಮತ್ತೆ ಡಯಾಲಿಸಿಸ್. ಅಷ್ಟರಲ್ಲಿ ಊರಿನವರು ಜಾಕು ಏರಿಸಿದ್ದರು. ವ್ಯಾನು ಒಂದು ಕಡೆಗೆ ವಾಲಿದಾಗ ಒಳಗಿನಿಂದ ಗಿರಿಜಾ, "ಬಂತಾ ರೀ ಯಲಹಂಕ?" ಎಂದು ಕಣ್ಣುಬಿಟ್ಟಳು.

ಲಕ್ಷ್ಮಮ್ಮ ಬಗ್ಗಿ ಒಳಗೆ ನೋಡಿದರು. ಊದಿದ ಮುಖ, ಕೈಯ ಮೇಲೆ ಹಗ್ಗದ ಹಾಗೆ ಎದ್ದ ನರ, ಸೂಜಿಯ ಗುರುತು. "ಏನವ್ವ ಇದು?" ಎಂದರು. ಗಿರಿಜಾ ಹೇಳಿದಳು. ಲಕ್ಷ್ಮಮ್ಮ ತಾವೇ ಜಾಕು ಇಳಿಸಿದರು. "ಇರ್ಲಿ ಬಿಡಿ ಸಾ. ನಮ್ಮೋರು ಯಾರ್ದಾರಾ ಎಫ್‌ಸಿ ಬಂದಾಗ ತಂದ್ಕೊಡಿ, ಮುಗುದ್ಮೇಲೆ ತಿರ್ಗಾ ಹಾಕ್ಕೊಂಡೋಗಿ." ನಾನು ಬರೆದು ಸಹಿ ಹಾಕಿಕೊಡುತ್ತೇನೆಂದು ಕಾಗದಕ್ಕೆ ತಡಕಾಡಿದೆ. "ಅದನ್ನ್ಯಾರು ಓದ್ತಾರೆ, ಹೊಲ್ಡಿ" ಎಂದುಬಿಟ್ಟರು.

ಅಂದಿನಿಂದ ಬೆಳಗಿನ ಕಾಫಿಗೆ ಮೊದಲು ನಾನು ಆ ಊರಿನ ವ್ಯಾನುಗಳ ನಂಬರು ಒಂದೊಂದಾಗಿ ಆ್ಯಪಿನಲ್ಲಿ ಹಾಕಿ ಯಾರ ಎಫ್‌ಸಿ ಎಂದಿಗೆ ಮುಗಿಯುತ್ತದೆಂದು ನೋಡತೊಡಗಿದೆ. ಗಿರಿಜಾಳ ಆಸ್ಪತ್ರೆ ದಿನಕ್ಕೆ ಯಾರದೂ ಬೀಳದಿರಲಿ ಎಂದು ನನ್ನ ಪ್ರಾರ್ಥನೆ. ದಸರಾ ಕಳೆದ ಮೇಲೆ ಒಂದು ದಿನ ಖುಷಿಯಿಂದ ಹೇಳಿದೆ: "ಲಕ್ಷ್ಮಮ್ಮನವರದೇ ಮೊದಲು ಕಣೇ. ಅದೂ ಯುಗಾದಿವರೆಗೂ ಇದೆ. ಅಲ್ಲೀತನಕ ನಿಶ್ಚಿಂತೆ."

"ಅಲ್ಲೀತನಕ ನಾನಿರ್ತೀನೇನ್ರೀ?" ಎಂದಳು. ಅಳಲಿಲ್ಲ, ಅವರೆಕಾಯಿ ಸುಲಿಯುತ್ತಲೇ ಕೇಳಿದಳು.

"ಟೈರು ವಾಪಸ್ ಕೊಡೋಕೆ ನೀನೇ ಬರ್ತೀಯ ಅಂತ ಲಕ್ಷ್ಮಮ್ಮನಿಗೆ ಹೇಳ್ಬಿಟ್ಟಿದೀನಿ" ಎಂದೆ.

"ಹೇಳಿಲ್ಲ ಅಂತ ಗೊತ್ತು. ಈಗ ಹೇಳಿ."

ಫೋನು ಮಾಡಿದೆ. "ಊಟಕ್ಕೇ ಬರಾಕ್ಹೇಳಿ ಸಾ, ಉಪ್ಪು ಕಮ್ಮಿ ಹಾಕ್ತೀನಿ" ಎಂದರು ಲಕ್ಷ್ಮಮ್ಮ. ಗಿರಿಜಾ ನಕ್ಕಳು, ಯಾವ ಸೀರೆ ಉಡುವುದೆಂದು ಯೋಚಿಸತೊಡಗಿದಳು. ಯಾರ ಎಫ್‌ಸಿಯೂ ಮುಗಿಯದಿರಲಿ ಎಂದು ಬೇಡುತ್ತಿದ್ದ ನಾನು ಈಗ ಲಕ್ಷ್ಮಮ್ಮನದು ಬೇಗ ಮುಗಿಯಲಿ ಎಂದು ದಿನಾ ಮೊಬೈಲು ಉಜ್ಜುತ್ತೇನೆ. ಈ ಹಾಳು ಯುಗಾದಿ ಇಷ್ಟು ದೂರ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.